ಅಪ್ಪ ಸ್ವತಂತ್ರ, ಮಗಳು ಗುಲಾಮಳು

ಪುಟ್ಟಿ,

ಫಿಲಡೆಲ್ಫಿಯಾದಲ್ಲಿ ಲಿಬರ್ಟಿ ಬೆಲ್ ನೋಡಿದೆ, ಪಕ್ಕದಲ್ಲೇ ಅಮೆರಿಕದ ಮೊದಲ ಅಧ್ಯಕ್ಷ ವಾಷಿಂಗ್ಟನ್ ಇದ್ದ ಮನೆಯ ತಳಪಾಯವನ್ನೂ ನೋಡಿದೆ ಎಂದು ನೀನು ಬರೆದಿದ್ದೆ. ಆ ಮನೆಯಿಂದ ಓಡಿಹೋದ ಓನಾ ಜಡ್ಜ್ ವಿಷಯದಲ್ಲಿ ನೀನು ಕೇಳಿದ್ದು ಸರಿಯಾದ ಪ್ರಶ್ನೆ. ಅವಳ ಅಪ್ಪ ಇಂತಿಷ್ಟು ವರ್ಷ ದುಡಿಯುವ ಕರಾರಿನ ಮೇಲೆ ಇಂಗ್ಲೆಂಡಿನಿಂದ ಬಂದ ಬಿಳಿಯ ದರ್ಜಿ, ಅವಧಿ ಮುಗಿದೊಡನೆ ಸ್ವತಂತ್ರ. ಹಾಗಾದರೆ ಮಗಳು ಗುಲಾಮಳಾದದ್ದು ಹೇಗೆ? ವಾರಸಾ ದಾವೆಗಳಲ್ಲೇ ವಕೀಲಿಕೆ ಸವೆಸಿದವಳು ನಾನು, ಫೋನಿನಲ್ಲಿ ಎರಡು ಮಾತಲ್ಲಿ ಹೇಳಿ ಬಿಡಲು ಮನಸ್ಸು ಬರಲಿಲ್ಲ.

ಇದರ ಬೇರು ಓನಾ ಹುಟ್ಟುವುದಕ್ಕೆ ನೂರು ವರ್ಷಕ್ಕೂ ಹಿಂದೆ, ಇಂಗ್ಲಿಷ್ ವಸಾಹತಾಗಿದ್ದ ವರ್ಜೀನಿಯಾದಲ್ಲಿದೆ. ಎಲಿಜಬೆತ್ ಕೀ ಎಂಬುವಳು ಸುಮಾರು 1630ರಲ್ಲಿ ಹುಟ್ಟಿದಳು. ಅಪ್ಪ ಥಾಮಸ್ ಕೀ, ವಸಾಹತಿನ ಶಾಸನಸಭೆಯ ಸದಸ್ಯ. ತಾಯಿ ಆಫ್ರಿಕಾದವಳು, ಅವಳ ಹೆಸರು ದಾಖಲೆಗಳಲ್ಲಿಲ್ಲ. 1636ರಲ್ಲಿ, ಸಾಯುವ ಮುಂಚೆ, ಥಾಮಸ್ ಮಗಳನ್ನು ಒಂಬತ್ತು ವರ್ಷದ ಮಟ್ಟಿಗೆ ಒಬ್ಬರ ಮನೆಯ ಸೇವೆಗೆ ಒಪ್ಪಿಸಿದ. ಒಂಬತ್ತು ಹತ್ತೊಂಬತ್ತಾಯಿತು. ಅಷ್ಟರಲ್ಲಿ ಅವಳು ಜಾನ್ ಮಾಟ್ರಮ್ ಎಂಬವನ ಕೈ ಸೇರಿದ್ದಳು. 1655ರಲ್ಲಿ ಅವನು ಸತ್ತಾಗ ಆಸ್ತಿ ನೋಡಿಕೊಳ್ಳುವವರು ಅವಳನ್ನೂ ಗುಲಾಮರ ಲೆಕ್ಕಕ್ಕೆ ಸೇರಿಸಿದರು.

ಎಲಿಜಬೆತ್ ದಾವೆ ಹೂಡಿದಳು. ಅವಳ ಪರ ನಿಂತವನು ವಿಲಿಯಂ ಗ್ರಿನ್‌ಸ್ಟೆಡ್, ಅವನೂ ಕರಾರಿನ ಆಳು, ಕಾನೂನು ಬಲ್ಲವನು, ಅವಳ ಮಗುವಿನ ತಂದೆ. ವಾದ ಮೂರು: ಇಂಗ್ಲಿಷ್ ಕಾನೂನಿನಲ್ಲಿ ಮಗು ತಂದೆಯ ಸ್ಥಿತಿಯನ್ನೇ ಪಡೆಯುತ್ತದೆ, ನನ್ನ ತಂದೆ ಸ್ವತಂತ್ರ; ನಾನು ದೀಕ್ಷಾಸ್ನಾನ ಪಡೆದ ಕ್ರೈಸ್ತಳು; ನನ್ನ ಅವಧಿ ಎಂದೋ ಮುಗಿದಿದೆ. ಕೆಳಗಿನ ಕೋರ್ಟಿನಲ್ಲಿ ಗೆದ್ದಳು, ಮೇಲಿನದರಲ್ಲಿ ಸೋತಳು, ಶಾಸನಸಭೆಗೆ ಹೋದಳು. ಸಭೆಯ ಸಮಿತಿ ಅವಳ ವಾದವನ್ನು ಎತ್ತಿಹಿಡಿಯಿತು. 1656ರಲ್ಲಿ ಅವಳು ಬಿಡುಗಡೆಯಾದಳು, ಗ್ರಿನ್‌ಸ್ಟೆಡ್‌ನನ್ನು ಮದುವೆಯಾದಳು.

ಇದರ ಮುಂದಿನ ಭಾಗವನ್ನು ಓದಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. 1662ರಲ್ಲಿ ಅದೇ ಶಾಸನಸಭೆ ಕಾಯ್ದೆ ಮಾಡಿತು: ಮಕ್ಕಳು ಗುಲಾಮರೋ ಸ್ವತಂತ್ರರೋ ಎಂಬುದು ತಾಯಿಯ ಸ್ಥಿತಿಯಿಂದ ಮಾತ್ರ ನಿರ್ಧಾರ. 1667ರಲ್ಲಿ ಇನ್ನೊಂದು: ದೀಕ್ಷಾಸ್ನಾನದಿಂದ ಗುಲಾಮಗಿರಿ ಹೋಗುವುದಿಲ್ಲ. ಎಲಿಜಬೆತ್ ಹೆಸರು ಕಾಯ್ದೆಯಲ್ಲಿಲ್ಲ ನಿಜ, ಆದರೆ ಇಂಗ್ಲಿಷನಿಂದ ನೀಗ್ರೋ ಹೆಣ್ಣಿಗೆ ಹುಟ್ಟಿದ ಮಕ್ಕಳ ಬಗ್ಗೆ ಅನುಮಾನ ಎದ್ದಿದೆ ಎಂದು 1662ರ ಕಾಯ್ದೆ ಶುರುವಿನಲ್ಲೇ ಹೇಳುತ್ತದೆ. ‘ಆಗಿನ ಕಾಲವೇ ಹಾಗಿತ್ತು’ ಎಂದು ಯಾರಾದರೂ ಅಂದರೆ ನೀನು ಒಪ್ಪಬೇಡ. ಆರು ವರ್ಷ ಮೊದಲು ಆ ಕಾಲ ಹಾಗಿರಲಿಲ್ಲ. ಕೂತು, ಚರ್ಚಿಸಿ, ಹಾಗೆ ಮಾಡಿಕೊಂಡರು.

ಯಜಮಾನನಿಗೆ ಇದರಿಂದ ಆದ ಲಾಭ ಎಷ್ಟು ಎಂದು ಯೋಚಿಸು. ತಾನೇ ಹುಟ್ಟಿಸಿದ ಮಗುವಿಗೂ ತಂದೆಯಾಗಬೇಕಿಲ್ಲ, ಒಡೆಯನಾದರೆ ಸಾಕು. ಆಫ್ರಿಕಾದಿಂದ ನೇರವಾಗಿ ಉತ್ತರ ಅಮೆರಿಕದ ನೆಲಕ್ಕೆ ತಂದಿಳಿಸಿದವರು ಸುಮಾರು 4 ಲಕ್ಷ. 1808ರಿಂದ ಹೊರಗಿನಿಂದ ತರುವುದನ್ನು ಕಾನೂನು ನಿಷೇಧಿಸಿತು. ಆದರೂ 1860ರ ಹೊತ್ತಿಗೆ ಗುಲಾಮರು ಹತ್ತಿರ ಹತ್ತಿರ 40 ಲಕ್ಷ.

ಇನ್ನು ಓನಾ. ತಾಯಿ ಬೆಟ್ಟಿ ಹೊಲಿಗೆಯವಳು, ವಾಷಿಂಗ್ಟನ್ನನ ಹೆಂಡತಿ ಮಾರ್ಥಾಳ ಮೊದಲ ಗಂಡ ಕಸ್ಟಿಸ್‌ನ ಆಸ್ತಿ. ಹಾಗಾಗಿ 1662ರ ಕಾಯ್ದೆಯಂತೆ ಮಗಳೂ ಗುಲಾಮಳೇ. ಅವನು ಉಯಿಲು ಬರೆಯದೆ ಸತ್ತದ್ದರಿಂದ ಗುಲಾಮರಲ್ಲಿ ಮೂರರಲ್ಲೊಂದು ಪಾಲು ಮಾರ್ಥಾಳ ಅನುಭೋಗಕ್ಕೆ ಬಂತು. ನಮ್ಮಲ್ಲಿ ಹಿಂದೆ ವಿಧವೆಗಿದ್ದ ಸೀಮಿತ ಹಕ್ಕಿನಂತೆಯೇ: ಬದುಕಿರುವವರೆಗೆ ಅನುಭವಿಸಬಹುದು, ಆಮೇಲೆ ವಾರಸುದಾರರಿಗೆ. ಉಯಿಲಿನಲ್ಲಿ ತನ್ನ ಸ್ವಂತ ಗುಲಾಮರ ಬಿಡುಗಡೆಗೆ ಬರೆದ ವಾಷಿಂಗ್ಟನ್ನನಿಗೆ ಕಸ್ಟಿಸ್ ಪಾಲಿನವರನ್ನು ಬಿಡುವ ಅಧಿಕಾರವೇ ಇರಲಿಲ್ಲ. ಆದರೆ ಅವನನ್ನು ಇದೊಂದರಿಂದ ಪಾರು ಮಾಡಬೇಡ. ಫಿಲಡೆಲ್ಫಿಯಾ ಇರುವ ಪೆನ್ಸಿಲ್ವೇನಿಯಾದ 1780ರ ಕಾಯ್ದೆಯಂತೆ, ಹೊರಗಿನಿಂದ ಬಂದವರ ಗುಲಾಮರು ಅಲ್ಲಿ ಆರು ತಿಂಗಳು ನೆಲೆಸಿದರೆ ಬಿಡುಗಡೆ ಕೇಳಬಹುದಿತ್ತು. ಅವಧಿ ತುಂಬದಂತೆ ಅವರನ್ನು ಏನಾದರೂ ನೆಪದಲ್ಲಿ ಗಡಿಯಾಚೆ ಕಳಿಸಿ ಕರೆತರಬೇಕು, ಅವರಿಗೂ ಜನರಿಗೂ ತಿಳಿಯಬಾರದು ಎಂದು ತನ್ನ ಕಾರ್ಯದರ್ಶಿಗೆ ಪತ್ರ ಬರೆದವನು ಅವನೇ.

ಮೊಮ್ಮಗಳ ಮದುವೆಗೆ ಓನಾಳನ್ನು ಉಡುಗೊರೆ ಕೊಡುವ ಯೋಚನೆ ಮಾರ್ಥಾಳದ್ದು. ಅದು ಓನಾಳ ಕಿವಿಗೆ ಬಿತ್ತು. 1796ರ ಮೇ 21ರಂದು ಮನೆಯವರು ಊಟಕ್ಕೆ ಕೂತಾಗ ಅವಳು ಹೊರಬಿದ್ದಳು, ಹಡಗಿನಲ್ಲಿ ನ್ಯೂ ಹ್ಯಾಂಪ್‌ಶೈರಿನ ಪೋರ್ಟ್ಸ್‌ಮತ್ ಸೇರಿದಳು. ಹಿಡಿದುಕೊಟ್ಟವರಿಗೆ 10 ಡಾಲರ್ ಎಂದು ಪತ್ರಿಕೆಯಲ್ಲಿ ಪ್ರಕಟಣೆ ಬಂತು. ಅವಳನ್ನು ಪತ್ತೆ ಹಚ್ಚಿದ ಕಸ್ಟಮ್ಸ್ ಅಧಿಕಾರಿಯ ಮುಂದೆ ಅವಳು ಒಂದು ಷರತ್ತಿಟ್ಟಳು: ಯಜಮಾನರ ಕಾಲಾನಂತರ ಬಿಡುಗಡೆ ಮಾಡುವುದಾದರೆ ಬರುತ್ತೇನೆ. ವಾಷಿಂಗ್ಟನ್ ಒಪ್ಪಲಿಲ್ಲ. 1799ರಲ್ಲಿ ಮಾರ್ಥಾಳ ಸೋದರಳಿಯನೊಬ್ಬ ಹಿಡಿದೊಯ್ಯಲು ಬಂದಾಗ ಯಾರೋ ಮುನ್ಸೂಚನೆ ಕೊಟ್ಟರು, ಅವಳು ಮಗುವಿನೊಂದಿಗೆ ಗ್ರೀನ್‌ಲ್ಯಾಂಡ್ ಎಂಬ ಪಕ್ಕದ ಊರಿಗೆ ತಪ್ಪಿಸಿಕೊಂಡಳು. ಮುಪ್ಪಿನಲ್ಲಿ ಪತ್ರಿಕೆಯವರು ಪಶ್ಚಾತ್ತಾಪವಿದೆಯೇ ಎಂದು ಕೇಳಿದಾಗ ಇಲ್ಲ, ನಾನು ಸ್ವತಂತ್ರಳು ಎಂದಳು.

ಅವಳ ಗಂಡ ಜ್ಯಾಕ್ ಸ್ಟೇನ್ಸ್ ಸ್ವತಂತ್ರ ನಾವಿಕ. ಮೂರು ಮಕ್ಕಳೂ ಹುಟ್ಟಿದ್ದು ನ್ಯೂ ಹ್ಯಾಂಪ್‌ಶೈರಿನಲ್ಲಿ. ಆದರೂ 1662ರ ಆ ಲೆಕ್ಕದಲ್ಲಿ ಅವರೂ ಕಸ್ಟಿಸ್ ಮನೆತನದ ಸ್ವತ್ತು. 1848ರಲ್ಲಿ ಸಾಯುವ ದಿನದವರೆಗೂ ಓನಾ ಕಾನೂನಿನ ಕಣ್ಣಲ್ಲಿ ಓಡಿಹೋದ ಆಳು. ಅವಳು ಕೈತಪ್ಪಿದ ಮೇಲೆ ಆ ಮೊಮ್ಮಗಳ ಪಾಲಿಗೆ ಹೋದವಳು ಓನಾಳ ತಂಗಿ. ಹೆಸರು ಫಿಲಡೆಲ್ಫಿಯಾ.

ನಿನ್ನ
ಅಮ್ಮ