ಆ ಮನೆಯ ಬಾಗಿಲು ಯಾರೂ ತಟ್ಟಲಿಲ್ಲ

ಸಂಪಾದಕರೇ,

ಅಪರಾಧ ಮಾಡಿದ ಹಿನ್ನೆಲೆ ಇರುವ ಹುಡುಗ ಚೆನ್ನಾಗಿ ಆಡಿದರೆ ತಂಡಕ್ಕೆ ತೆಗೆದುಕೊಳ್ಳಬಹುದಾ ಎಂದು ನಿಮ್ಮ ಕ್ರೀಡಾ ಪುಟದಲ್ಲಿ ಕೇಳಿದ್ದೀರಿ. ನಾನು ಹಾಸನ ಕಡೆಯವನು, ಈಗ ಬಾಸ್ಟನ್ ಹತ್ತಿರ ಇದ್ದೇನೆ. ಇದೇ ವಿಷಯಕ್ಕೆ 2022ರ ನವೆಂಬರ್‌ನಲ್ಲಿ ಇಲ್ಲಿ ದೊಡ್ಡ ಗಲಾಟೆಯೇ ಆಗಿತ್ತು.

ಮಿಚೆಲ್ ಮಿಲ್ಲರ್ ಐಸ್ ಹಾಕಿ ಆಟಗಾರ, ಅಮೆರಿಕದ ಓಹಾಯೋ ರಾಜ್ಯದವನು. 14 ವರ್ಷದವನಿದ್ದಾಗ ಇನ್ನೊಬ್ಬನ ಜೊತೆ ಸೇರಿ, ಶಾಲೆಯಲ್ಲಿದ್ದ ಕಪ್ಪು ಹುಡುಗನೊಬ್ಬನಿಗೆ ಮೂತ್ರದ ತೊಟ್ಟಿಗೆ ಉಜ್ಜಿದ ಕ್ಯಾಂಡಿ ನೆಕ್ಕಿಸಿದ. ಆ ಹುಡುಗನ ಬುದ್ಧಿ ಬೆಳವಣಿಗೆ ಸ್ವಲ್ಪ ನಿಧಾನ. 2016ರಲ್ಲಿ ಬಾಲಾಪರಾಧ ಕೋರ್ಟಿನಲ್ಲಿ ಇಬ್ಬರೂ ತಪ್ಪೊಪ್ಪಿಕೊಂಡರು. 25 ಗಂಟೆ ಸಮಾಜಸೇವೆ ಮಾಡಿ, ಕ್ಷಮೆ ಕೇಳಿ ಪತ್ರ ಬರೆಯಿರಿ ಎಂದಿತು ಕೋರ್ಟ್.

2020ರ ಡ್ರಾಫ್ಟ್, ಅಂದರೆ ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವ ಸಮಯ, ಬಂದಾಗ ಮಿಲ್ಲರ್ ಇಲ್ಲಿನ ದೊಡ್ಡ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನ 31 ತಂಡಗಳಿಗೂ ಪತ್ರ ಬರೆದು ಆಗಿದ್ದನ್ನು ಒಪ್ಪಿಕೊಂಡ. ಅರಿಜೋನಾ ಕೊಯೋಟ್ಸ್ ತಂಡ ಅವನನ್ನು ಎಲ್ಲ ತಂಡಗಳ ಆಯ್ಕೆ ಸೇರಿ 111ನೆಯವನಾಗಿ ಆರಿಸಿತು, ಆ ವರ್ಷ ಅವರ ಮೊದಲ ಆಯ್ಕೆಯೇ ಅವನು. ಕೋರ್ಟ್ ಬರೆಸಿದ ಪತ್ರ ಬಿಟ್ಟರೆ ಅವನು ನನ್ನ ಮಗನ ಹತ್ತಿರ ಕ್ಷಮೆ ಕೇಳಿಯೇ ಇಲ್ಲ ಎಂದು ಆ ಹುಡುಗನ ತಾಯಿ ಪತ್ರಿಕೆಗೆ ಹೇಳಿದರು. ತಿಂಗಳೊಳಗೆ ತಂಡ ಕೈಬಿಟ್ಟಿತು.

ನೋಡಿ, 31 ತಂಡಗಳಿಗೆ ಪತ್ರ ಹೋಯಿತು. ಹೋಗಬೇಕಾದ ಮನೆಗೆ ಹೋಗಲಿಲ್ಲ.

ಆಮೇಲೆ ಮಿಲ್ಲರ್ ಕಿರಿಯರ ಲೀಗಿನಲ್ಲಿ 60 ಪಂದ್ಯಕ್ಕೆ 83 ಪಾಯಿಂಟ್ (ಗೋಲು ಹೊಡೆದರೂ ಹೊಡೆಯಲು ನೆರವಾದರೂ ಒಂದು ಪಾಯಿಂಟ್) ತೆಗೆದ, ಅದೂ ಗೋಲು ತಡೆಯುವ ಡಿಫೆನ್ಸ್‌ನಲ್ಲಿ ಆಡಿ. ಇಲ್ಲಿನ ಬ್ರೂಯಿನ್ಸ್ ತಂಡ 2022ರ ನವೆಂಬರ್ 4ಕ್ಕೆ ಸಹಿ ಹಾಕಿಸಿಕೊಂಡಿತು. ನಾಯಕ ಬರ್ಜೆರಾನ್‌ಗೇ ಅದು ಸರಿ ಕಾಣಲಿಲ್ಲ, ಬಾಯಿಬಿಟ್ಟು ಹೇಳಿದರು. 6ನೇ ತಾರೀಖಿಗೆ ತಂಡದವರು ಮಿಲ್ಲರ್‌ನನ್ನು ಕಳಿಸಿಬಿಟ್ಟರು. ಆ ಕುಟುಂಬವನ್ನು ನಾವು ಮಾತಾಡಿಸಿಯೇ ಇರಲಿಲ್ಲ ಎಂದು ತಂಡದ ಅಧ್ಯಕ್ಷರು ಮರುದಿನ ಒಪ್ಪಿಕೊಂಡರು. ಪಾಯಿಂಟ್ ಎಣಿಸಲು ಜನ ಇದ್ದರು, ಒಂದು ಫೋನ್ ಮಾಡಲು ಇರಲಿಲ್ಲ. ನನಗೆ ತಡೆಯಲಾಗದ ಸಿಟ್ಟು ಬಂದಿದ್ದು ಅದಕ್ಕೇ.

ನನ್ನ ತಮ್ಮನೂ ಓದಿನಲ್ಲಿ ನಿಧಾನ. ಏಳನೇ ಕ್ಲಾಸಿನಲ್ಲಿ ಅವನ ಊಟದ ಡಬ್ಬಿಗೆ ದಿನಾ ಮಣ್ಣು ಹಾಕುತ್ತಿದ್ದ ಒಬ್ಬ ಹುಡುಗ ಮೂರು ವರ್ಷ ಕಳೆದ ಮೇಲೆ ಒಂದು ಸಂಜೆ ಒಬ್ಬನೇ ನಮ್ಮ ಮನೆಗೆ ಬಂದ. ಅಮ್ಮ ಒಳಗೆ ಕರೆಯಲಿಲ್ಲ. ತಮ್ಮ ಬರುವವರೆಗೂ ಜಗಲಿಯ ಮೇಲೆ ಚಪ್ಪಲಿ ಬಿಟ್ಟು ತಲೆ ತಗ್ಗಿಸಿಕೊಂಡು ಕೂತಿದ್ದ. ಇಬ್ಬರೂ ಏನು ಮಾತಾಡಿಕೊಂಡರೋ, ತಮ್ಮ ಇವತ್ತಿಗೂ ಹೇಳಿಲ್ಲ. ಆ ಹುಡುಗ ಮುಂದೆ ತಾಲ್ಲೂಕು ವಾಲಿಬಾಲ್ ತಂಡಕ್ಕೆ ಆಡಿದಾಗ ಜಾಸ್ತಿ ಕೂಗಿದವನು ನನ್ನ ತಮ್ಮನೇ.

ಹಾಗಾಗಿ 14ರಲ್ಲಿ ಮಾಡಿದ ತಪ್ಪಿಗೆ ಜೀವನಪೂರ್ತಿ ಆಟ ನಿಲ್ಲಿಸಿ ಎಂದು ನಾನು ಹೇಳುವುದಿಲ್ಲ. ನೊಂದವರು ಬೇಡ ಎಂದರೆ ಅಲ್ಲಿಗೆ ಮುಗಿಯಿತು ಎಂದೂ ಅಲ್ಲ. ಆದರೆ ಹುಡುಗನ ಆಟ ನೋಡಲು ಊರೂರು ಸುತ್ತುವ ತಂಡದವರು, ಸಹಿ ಹಾಕಿಸುವ ಮೊದಲು ಆ ಮನೆಗೂ ಒಮ್ಮೆ ಹೋಗಲಿ. ಇವನು ಇಲ್ಲಿಗೆ ಬಂದಿದ್ದನಾ, ಏನು ಹೇಳಿದ, ಈಗ ನಿಮ್ಮ ಮಗ ಹೇಗಿದ್ದಾನೆ ಎಂದು ಕೂತು ಕೇಳಲಿ. ಬೇಕೋ ಬೇಡವೋ ಎಂಬುದನ್ನು ಆಮೇಲೆ ತೀರ್ಮಾನಿಸಲಿ.

ಇಂತಿ,
ಒಬ್ಬ ಓದುಗ, ಬಾಸ್ಟನ್