ರೈಲಿನ ಫೋಟೊ ತೆಗೆಯಲು ಒಂದು ಜಾಗ ಬೇಕು

ಮಾನ್ಯ ಸಂಪಾದಕರೇ,

ರೈಲುಗಳ ಫೋಟೊ ತೆಗೆಯುವುದು ನನಗೆ ಚಿಕ್ಕಂದಿನಿಂದ ಬಂದ ಹುಚ್ಚು. ಭಾನುವಾರ ಬೆಳಗ್ಗೆ ಪ್ಲಾಟ್‌ಫಾರಂ ಟಿಕೆಟ್ ತಗೊಂಡು ಬೈಯಪ್ಪನಹಳ್ಳಿ–ವೈಟ್‌ಫೀಲ್ಡ್ ಮಾರ್ಗದ ಯಾವುದಾದರೂ ನಿಲ್ದಾಣದಲ್ಲಿ ನಿಲ್ಲುತ್ತೇನೆ. ಚೆನ್ನೈ ಕಡೆ ಹೊರಟ ಲಾಲ್‌ಬಾಗ್ ಎಕ್ಸ್‌ಪ್ರೆಸ್ ಪೂರ್ವಕ್ಕೆ ಮುಖ ಮಾಡಿ ಬರುತ್ತದೆ. ಎಳೆ ಬಿಸಿಲು ನೇರ ಎಂಜಿನ್ ಮುಖಕ್ಕೆ ಬಿದ್ದು, ಮೇಲಿನ ತಂತಿಯೂ ಚಿನ್ನದ ಗೆರೆಯಂತೆ ಹೊಳೆಯುತ್ತದೆ. ಆ ಒಂದು ಕ್ಷಣಕ್ಕೆ ಗಂಟೆಗಟ್ಟಲೆ ಕಾದರೂ ಬೇಸರವಿಲ್ಲ.

ಕಳೆದ ತಿಂಗಳು ಒಂದು ನಿಲ್ದಾಣದಲ್ಲಿ ಸಿಬ್ಬಂದಿಯೊಬ್ಬರು ಬಂದು, ತೆಗೆದ ಫೋಟೊಗಳನ್ನೆಲ್ಲ ಅಳಿಸಿಸಿದರು. ಯಾವ ನಿಯಮ ಅಂತ ಕೇಳಿದರೆ ಉತ್ತರವಿಲ್ಲ. ಪಕ್ಕದಲ್ಲೇ ಹುಡುಗರು ಹಳದಿ ಗೆರೆ ದಾಟಿ ಸೆಲ್ಫಿ ತೆಗೆಯುತ್ತಿದ್ದರು, ಅವರನ್ನು ಯಾರೂ ತಡೆಯಲಿಲ್ಲ. ನನಗೆ ಅದೇ ಜಾಸ್ತಿ ನೋವಾಯಿತು.

ಹಳಿಯ ಮೇಲೆ ಹಾದುಹೋಗುವ ಆ ವಿದ್ಯುತ್ ತಂತಿಯಲ್ಲಿ ಇರುವುದು 25,000 ವೋಲ್ಟ್. ಮುಟ್ಟಲೇಬೇಕೆಂದಿಲ್ಲ, ಹತ್ತಿರ ಹೋದರೂ ವಿದ್ಯುತ್ ಹಾರಿ ಬಡಿಯುತ್ತದೆ. ಮೇಲ್ಸೇತುವೆಯಿಂದ ಸೆಲ್ಫಿ ಕೋಲು ಚಾಚುವುದು, ನಿಂತ ಬೋಗಿಯ ಮೇಲೆ ಹತ್ತುವುದು ಸಾವಿಗೆ ಕೈ ನೀಡಿದ ಹಾಗೆ. ಹಳಿಗೆ ಇಳಿಯುವುದಂತೂ 1989ರ ರೈಲ್ವೆ ಕಾಯ್ದೆಯಲ್ಲೇ ಅಪರಾಧ. ನಮ್ಮ ಹವ್ಯಾಸದ ಹುಡುಗರೂ ಇದನ್ನು ಮರೆಯಬಾರದು.

ರೈಲ್ವೆಯವರಲ್ಲಿ ಒಂದೇ ಕೋರಿಕೆ. ಫೋಟೊ ನಿಯಮವನ್ನು ಕನ್ನಡದಲ್ಲಿ ಬರೆದು ಪ್ರತಿ ನಿಲ್ದಾಣದಲ್ಲೂ ಒಂದು ಫಲಕ ಹಾಕಿ. ಪ್ಲಾಟ್‌ಫಾರಂ ತುದಿಯಲ್ಲಿ, ಕಂಬಗಳು ಅಡ್ಡ ಬಾರದ ಕಡೆ, ಬೇಲಿಯೊಳಗೆ ನಾಲ್ಕು ಜನ ನಿಲ್ಲುವಷ್ಟು ಜಾಗ ಗುರುತಿಸಿ. ಇದಕ್ಕೆ ದೊಡ್ಡ ಖರ್ಚೇನೂ ಇಲ್ಲ ಅಲ್ವಾ?

– ರೈಲು ಪ್ರೇಮಿ, ಬೆಂಗಳೂರು