ಮಗು ನೋಡಲು ಆಶ್ರಮ ಸುತ್ತಬೇಡಿ, ಕಾಗದ ಸರಿಮಾಡಿಕೊಂಡು ಬನ್ನಿ

ಮಾನ್ಯ ಸಂಪಾದಕರೆ,

ಡಿಸೆಂಬರ್ ರಜೆಗೆ ಅಮೆರಿಕ, ಬ್ರಿಟನ್, ಕೊಲ್ಲಿ ದೇಶಗಳಿಂದ ಊರಿಗೆ ಬರುವ ಕನ್ನಡಿಗ ದಂಪತಿಗಳಲ್ಲಿ ಕೆಲವರು ಧರ್ಮಸ್ಥಳ, ನೆಂಟರ ಮದುವೆಗಳ ಜೊತೆಗೆ ‘ಒಂದೆರಡು ಅನಾಥಾಶ್ರಮ ನೋಡಿಕೊಂಡು ಬರೋಣ’ ಎಂಬುದನ್ನೂ ಪಟ್ಟಿಗೆ ಸೇರಿಸಿಕೊಂಡಿರುತ್ತಾರೆ. ದತ್ತು ಪಡೆಯುವ ಮನಸ್ಸಿದೆ. ಬಂದಾಗಲೇ ಒಂದು ಮಗುವನ್ನು ನೋಡಿಟ್ಟುಕೊಂಡರೆ ಕಾಗದಪತ್ರ ಆಮೇಲೆ ಮಾಡಿಕೊಳ್ಳಬಹುದು ಎಂಬ ಲೆಕ್ಕ. ಊರಿನಲ್ಲಿರುವ ಅತ್ತೆಯೋ ಚಿಕ್ಕಪ್ಪನೋ ಪರಿಚಯದ ಡಾಕ್ಟರೋ ಮೊದಲೇ ಅಲ್ಲಿ ಇಲ್ಲಿ ವಿಚಾರಿಸಿಟ್ಟಿರುತ್ತಾರೆ. ಈ ಲೆಕ್ಕ ಬುಡದಲ್ಲೇ ತಪ್ಪಿದೆ. ಮಗುವನ್ನು ನೋಡುವುದು ದತ್ತು ಪ್ರಕ್ರಿಯೆಯ ಮೊದಲ ಮೆಟ್ಟಿಲಲ್ಲ, ಹೆಚ್ಚುಕಡಿಮೆ ಕೊನೆಯದು. ಅದು ಹೇಗೆಂದು ಬಿಡಿಸಿ ಹೇಳಲು ಈ ಪತ್ರ.

ಅನಾಥಾಶ್ರಮದಲ್ಲಿರುವ ಮಕ್ಕಳೆಲ್ಲ ಅನಾಥರಲ್ಲ. ಬಹಳಷ್ಟು ಮಕ್ಕಳಿಗೆ ತಾಯಿ ಇದ್ದಾಳೆ, ಅಜ್ಜಿ ಇದ್ದಾಳೆ; ಬಡತನಕ್ಕೋ ಶಾಲೆಗೋ ಮನೆಯ ಜಗಳಕ್ಕೋ ಅಲ್ಲಿ ಬಂದು ಸೇರಿದ್ದಾರೆ. ದತ್ತು ಕೊಡುವ ಅಧಿಕಾರ ಇರುವುದು ಸರ್ಕಾರ ಮಾನ್ಯ ಮಾಡಿದ ವಿಶೇಷ ದತ್ತು ಸಂಸ್ಥೆಗಳಿಗೆ ಮಾತ್ರ. ಅಲ್ಲಿಯೂ ಒಂದು ಮಗು ದತ್ತಿಗೆ ಸಿಗಬೇಕಾದರೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ ಅದನ್ನು ‘ಕಾನೂನುಬದ್ಧವಾಗಿ ದತ್ತಿಗೆ ಮುಕ್ತ’ ಎಂದು ಘೋಷಿಸಬೇಕು. ತೊಟ್ಟಿಲಲ್ಲೋ ಬಸ್ ನಿಲ್ದಾಣದಲ್ಲೋ ಸಿಕ್ಕ ಮಗು 2 ವರ್ಷದೊಳಗಿನದಾದರೆ 2 ತಿಂಗಳೊಳಗೆ, ಅದಕ್ಕಿಂತ ದೊಡ್ಡದಾದರೆ 4 ತಿಂಗಳೊಳಗೆ ಹೆತ್ತವರನ್ನು ಹುಡುಕಿ ನೋಡಿ ಈ ಘೋಷಣೆ ಮಾಡಬೇಕು. ತಾಯಿಯೇ ಸಮಿತಿಯ ಮುಂದೆ ಬಂದು ಒಪ್ಪಿಸಿದ ಮಗುವಾದರೆ, ಮನಸ್ಸು ಬದಲಿಸಲು ಆಕೆಗೆ 2 ತಿಂಗಳ ಅವಕಾಶ ಇರುತ್ತದೆ. ಈ ಅವಧಿಯಲ್ಲಿ ವಿದೇಶದಿಂದ ಬಂದ ದಂಪತಿ ಮಗುವನ್ನು ಎತ್ತಿಕೊಂಡು ಫೋಟೊ ತೆಗೆಸಿಕೊಂಡು ‘ಇದೇ ನಮಗಿರಲಿ’ ಎನ್ನುವುದು ಎಷ್ಟು ಕ್ರೂರ ಎಂಬುದು ಅವರಿಗೆ ಹೊಳೆಯುವುದೇ ಇಲ್ಲ.

ಕಾನೂನಿನ ಹೊರಗೆ ಮಗುವನ್ನು ಕೊಟ್ಟರೂ ತೆಗೆದುಕೊಂಡರೂ ಬಾಲನ್ಯಾಯ ಕಾಯ್ದೆ 2015ರ 80ನೇ ಸೆಕ್ಷನ್ ಪ್ರಕಾರ 3 ವರ್ಷದವರೆಗೆ ಜೈಲು, ಅಥವಾ 1 ಲಕ್ಷ ರೂಪಾಯಿ ದಂಡ, ಅಥವಾ ಎರಡೂ. ಹಣ ಕೈಬದಲಾಗಿದ್ದರೆ 81ನೇ ಸೆಕ್ಷನ್: 5 ವರ್ಷದವರೆಗೆ ಕಠಿಣ ಸಜೆ ಮತ್ತು ದಂಡ. ಆಸ್ಪತ್ರೆಯ ಸಿಬ್ಬಂದಿ ಸೇರಿಕೊಂಡಿದ್ದರೆ ಅವರಿಗೆ 3ರಿಂದ 7 ವರ್ಷ. ‘ನರ್ಸಿಂಗ್ ಹೋಮ್‌ನಲ್ಲಿ ಗೊತ್ತಿರುವವರಿದ್ದಾರೆ’ ಎನ್ನುವ ಚಿಕ್ಕಪ್ಪಂದಿರು ಇದನ್ನು ಎರಡು ಸಲ ಓದಲಿ. ಹಾಗೆ ತಂದ ಮಗುವಿಗೆ ಯಾವ ದೇಶವೂ ದತ್ತು ವೀಸಾ ಕೊಡುವುದಿಲ್ಲ. ಮೋಸ ಬಯಲಾಗುವುದು ಸಾಮಾನ್ಯವಾಗಿ ಆ ಹಂತದಲ್ಲೇ.

ಇಷ್ಟು ಬಿಗಿ ಏಕೆ ಎಂದು ಕೇಳುವವರಿಗೆ ಸ್ವಲ್ಪ ಹಿನ್ನೆಲೆ. ವಕೀಲ ಲಕ್ಷ್ಮೀಕಾಂತ ಪಾಂಡೆ ಅವರು ಸುಪ್ರೀಂ ಕೋರ್ಟಿಗೆ ಬರೆದ ಪತ್ರವೇ ಅರ್ಜಿಯಾಗಿ, 1984ರಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರು ಅಂತರದೇಶೀಯ ದತ್ತಿಗೆ ಮೊದಲ ಸಲ ಕಟ್ಟುನಿಟ್ಟಿನ ನಿಯಮ ಹಾಕಿದರು. ಮಕ್ಕಳನ್ನು ಸಾಗಿಸುವ ದಂಧೆಯ ದೂರುಗಳೇ ಅದಕ್ಕೆ ಕಾರಣ. 1990ರಲ್ಲಿ ಕೇಂದ್ರೀಯ ದತ್ತು ಸಂಸ್ಥೆ ‘ಕಾರಾ’ ಹುಟ್ಟಿತು. ಅಂತರದೇಶೀಯ ದತ್ತು ಕುರಿತ 1993ರ ಹೇಗ್ ಒಪ್ಪಂದವನ್ನು ಭಾರತ 2003ರಲ್ಲಿ ಅನುಮೋದಿಸಿತು.

ಹಾಗಾದರೆ ವಿದೇಶದಲ್ಲಿರುವವರು ಎಲ್ಲಿಂದ ಶುರುಮಾಡಬೇಕು? ತಾವಿರುವ ಊರಿನಿಂದಲೇ. ಆ ದೇಶದಲ್ಲಿ ಕಾರಾ ಮಾನ್ಯ ಮಾಡಿದ ವಿದೇಶಿ ದತ್ತು ಸಂಸ್ಥೆಯೋ ಅಲ್ಲಿನ ಕೇಂದ್ರೀಯ ಪ್ರಾಧಿಕಾರವೋ ಇರುತ್ತದೆ. ದಂಪತಿ ದತ್ತಿಗೆ ತಕ್ಕವರೇ ಎಂದು ಮನೆ, ಸಂಸಾರ ಪರಿಶೀಲಿಸಿ ಬರೆಯುವ ‘ಗೃಹ ಅಧ್ಯಯನ ವರದಿ’ ತಯಾರಿಸಿ ಕಾರಾದ ಜಾಲತಾಣದಲ್ಲಿ ನೋಂದಾಯಿಸುವವರು ಅವರು. ಅಂಥವರು ಇಲ್ಲದ ದೇಶಗಳಲ್ಲಿ ಭಾರತೀಯ ರಾಯಭಾರ ಕಚೇರಿಯನ್ನು ಕೇಳಬೇಕು. ಗೃಹ ಅಧ್ಯಯನ ವರದಿ 3 ವರ್ಷ ಚಾಲ್ತಿಯಲ್ಲಿರುತ್ತದೆ. ಸರದಿ ಅದಕ್ಕಿಂತ ಉದ್ದವಾದೀತು, ಆದ್ದರಿಂದ ನವೀಕರಣದ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಳ್ಳಿ. ಮದುವೆಯಾಗಿ ಸುಖಸಂಸಾರದ ಎರಡು ವರ್ಷ ಕಳೆದಿರಬೇಕು. 2 ವರ್ಷದೊಳಗಿನ ಮಗು ಬೇಕೆಂದರೆ ದಂಪತಿಯ ವಯಸ್ಸು ಕೂಡಿಸಿ 85 ಮೀರಬಾರದು; 2ರಿಂದ 4 ವರ್ಷದ ಮಗುವಿಗೆ 90, 4ರಿಂದ 8ಕ್ಕೆ 100. ಒಂಟಿ ಪುರುಷನಿಗೆ ಹೆಣ್ಣುಮಗುವನ್ನು ಕೊಡುವುದಿಲ್ಲ. ಛತ್ರದಲ್ಲಿ ಆದ ಮದುವೆಯನ್ನು ನೋಂದಾಯಿಸದೆ ಬಿಟ್ಟಿದ್ದರೆ, ಊರಿಗೆ ಬಂದ ರಜೆಯಲ್ಲಿ ಆಶ್ರಮ ಸುತ್ತುವ ಬದಲು ಉಪನೋಂದಣಾಧಿಕಾರಿ ಕಚೇರಿಗೆ ಹೋಗಿ ಬನ್ನಿ.

ಅಮೆರಿಕದಲ್ಲಿರುವವರಿಗೆ ಒಂದು ಮಾತು, ಏಕೆಂದರೆ ಹೆಚ್ಚು ಜನ ಮುಗ್ಗರಿಸುವುದು ಇಲ್ಲೇ. ಹೇಗ್ ಪ್ರಕ್ರಿಯೆಯಲ್ಲಿ ಅಲ್ಲಿನ ವಲಸೆ ಇಲಾಖೆಗೆ ಐ-800ಎ ಅರ್ಜಿ (ದತ್ತು ಪಡೆಯಲು ಅರ್ಹರೆಂದು ಒಪ್ಪಿಗೆ ಕೋರುವ ಅರ್ಜಿ) ಹಾಕಲು ದಂಪತಿಯಲ್ಲಿ ಒಬ್ಬರಾದರೂ ಅಮೆರಿಕದ ಪ್ರಜೆಯಾಗಿರಬೇಕು. ಎಚ್-1ಬಿ ಉದ್ಯೋಗ ವೀಸಾ ಸಾಲದು, ಗ್ರೀನ್ ಕಾರ್ಡೂ ಸಾಲದು. ಇಬ್ಬರೂ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದರೆ ಭಾರತದ ಕಡೆಯ ನಿಯಮ ಅವರಿಗೆ ಅನುಕೂಲಕರ. ಅನಿವಾಸಿ ಭಾರತೀಯರನ್ನು ಸರದಿಯಲ್ಲಿ ದೇಶದೊಳಗಿನವರ ಸಮಕ್ಕೆ ಕೂರಿಸುತ್ತಾರೆ. ಆದರೆ ಮಗುವನ್ನು ಅಮೆರಿಕಕ್ಕೆ ಒಯ್ಯುವ ಈ ಹೇಗ್ ದಾರಿ ಮುಚ್ಚಿಕೊಳ್ಳುತ್ತದೆ. ಮಗು ನಿಗದಿಯಾದ ಮೇಲೆ ಇದು ತಿಳಿದು ಒದ್ದಾಡುವುದಕ್ಕಿಂತ, ದತ್ತು ಸಂಸ್ಥೆಗೆ ಹಣ ಕಟ್ಟುವ ಮೊದಲೇ ವಲಸೆ ವಕೀಲರನ್ನು ಕಂಡು ಬರವಣಿಗೆಯಲ್ಲಿ ಉತ್ತರ ಪಡೆಯಿರಿ.

ಸರದಿ ಬಂದಾಗ ಮಗುವಿನ ವಿವರ ಜಾಲತಾಣದ ಮೂಲಕವೇ ಬರುತ್ತದೆ: ಒಂದು ಫೋಟೊ, ಮಗುವಿನ ಅಧ್ಯಯನ ವರದಿ, ವೈದ್ಯಕೀಯ ವರದಿ. ವಿದೇಶದಲ್ಲಿರುವವರಿಗೆ ಮಗುವನ್ನು ಕಾಯ್ದಿರಿಸಲು 96 ಗಂಟೆ, ಆಮೇಲೆ ಸಹಿ ಹಾಕಿ ಒಪ್ಪಿಕೊಳ್ಳಲು 30 ದಿನ. ಈ 30 ದಿನಗಳೇ ನಿಜವಾದ ಕೆಲಸದ ದಿನಗಳು. ಫೋಟೊ ನೋಡಿ ಕಣ್ಣೀರು ಹಾಕುವುದು ಸಹಜ. ಅದಾದ ಮೇಲೆ ವರದಿಯನ್ನು ಮಕ್ಕಳ ವೈದ್ಯರ ಮುಂದೆ ಇಡಿ. ಒಂದು ದಿನದ ತೂಕ ಏನನ್ನೂ ಹೇಳುವುದಿಲ್ಲ. ಸಂಸ್ಥೆಗೆ ಬಂದ ದಿನದಿಂದ ತಿಂಗಳು ತಿಂಗಳಿನ ತೂಕ, ಉದ್ದ, ತಲೆಯ ಸುತ್ತಳತೆ ಕೇಳಿ. ತೂಕ ಕಡಿಮೆಯಿದ್ದರೂ ತಲೆಯ ಸುತ್ತಳತೆ ತನ್ನ ಗೆರೆಯಲ್ಲಿ ಏರುತ್ತಿದ್ದರೆ ವೈದ್ಯರು ನಿರಾಳವಾಗುತ್ತಾರೆ. ಅದು ನಿಂತುಬಿಟ್ಟಿದ್ದರೆ ಪ್ರಶ್ನೆ ಕೇಳುತ್ತಾರೆ. ಸಂಸ್ಥೆಯಲ್ಲಿ ಕಳೆದ ಪ್ರತಿ ಮೂರು ತಿಂಗಳಿಗೆ ಬೆಳವಣಿಗೆಯಲ್ಲಿ ಸುಮಾರು ಒಂದು ತಿಂಗಳ ಹಿನ್ನಡೆ ಎಂಬುದು ದತ್ತು ಮಕ್ಕಳನ್ನು ನೋಡುವ ವೈದ್ಯರ ರೂಢಿಯ ಲೆಕ್ಕ. ಒಂದೂವರೆ ವರ್ಷದ ಮಗು ಇನ್ನೂ ನಡೆಯದಿದ್ದರೆ ಅಷ್ಟಕ್ಕೇ ಗಾಬರಿ ಬೇಡ. ಒಂದೂವರೆ ವರ್ಷದೊಳಗಿನ ಮಗುವಿಗೆ ಎಚ್‌ಐವಿ ಪ್ರತಿಕಾಯ ಪರೀಕ್ಷೆ ಪಾಸಿಟಿವ್ ಬಂದಿದ್ದರೆ ಅದು ತಾಯಿಯಿಂದ ಬಂದ ಪ್ರತಿಕಾಯ ಇರಬಹುದು. ಮಗುವಿಗೆ ಸೋಂಕು ಇದೆಯೇ ಎಂಬುದು ವೈರಸ್ಸನ್ನೇ ಹುಡುಕುವ ಪಿಸಿಆರ್ ಪರೀಕ್ಷೆಯಿಂದ ಮಾತ್ರ ಗೊತ್ತಾಗುತ್ತದೆ. ದಿನ ತುಂಬದೆ ಹುಟ್ಟಿದ ಮಗುವಾದರೆ ಕಣ್ಣಿನ ರೆಟಿನಾ ಮತ್ತು ಕಿವಿಯ ಪರೀಕ್ಷೆ ಆಗಿದೆಯೇ ಎಂದು ಕೇಳಿ. ಸಿಕ್ಕ ಮಗುವಿನ ಹುಟ್ಟಿದ ದಿನಾಂಕ ವೈದ್ಯರ ಅಂದಾಜು ಮಾತ್ರ ಎಂಬುದೂ ನೆನಪಿರಲಿ.

ಒಪ್ಪುವ ಮೊದಲು ಮಗುವನ್ನು ಕಣ್ಣಾರೆ ನೋಡಬೇಕೆಂದರೆ ನಿಯಮದಲ್ಲಿ ಅವಕಾಶ ಇದೆ. ಆದರೆ ವಿದೇಶಿ ಸಂಸ್ಥೆ ಮತ್ತು ಕಾರಾ ಎರಡೂ ನಿಮ್ಮನ್ನು ಅರ್ಹರೆಂದು ಒಪ್ಪಿದ ಮೇಲೆ, ನಿಮಗೆ ತೋರಿಸಿದ ಆ ಒಂದು ಮಗುವನ್ನು ಮಾತ್ರ. ಸಾಲಾಗಿ ನಿಲ್ಲಿಸಿದ ಮಕ್ಕಳಲ್ಲಿ ಆರಿಸಿಕೊಳ್ಳಲು ಅದು ಸೀರೆ ಅಂಗಡಿಯಲ್ಲ.

ಆ ಭೇಟಿಗೆ ಇಬ್ಬರೇ ಹೋಗಿ. ಅಜ್ಜಿ ತಾತ, ಮೈದುನ, ವಿಡಿಯೊ ತೆಗೆಯುವ ಸೋದರಳಿಯ ಮನೆಯಲ್ಲಿರಲಿ. ದತ್ತು ಆದೇಶಕ್ಕೆ ಮುಂಚೆ ಮಗುವಿನ ಗುರುತು ಬಯಲಾಗುವಂತೆ ಚಿತ್ರ ಹಂಚಿದರೆ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ 6 ತಿಂಗಳವರೆಗೆ ಸಜೆ ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಕುಟುಂಬದ ವಾಟ್ಸ್‌ಆ್ಯಪ್ ಗುಂಪು ಇದಕ್ಕೆ ಹೊರತಲ್ಲ. ಬೆಳಗಿನ ಹಾಲು ಮುಗಿದ ಹೊತ್ತಿಗೆ ಹೋಗಿ, ಮಧ್ಯಾಹ್ನದ ನಿದ್ದೆಗೆ ಅಡ್ಡ ಹೋಗಬೇಡಿ. ಉಳಿದ ಮಕ್ಕಳಿಗೆ ಚಾಕೊಲೇಟ್ ಹಂಚಬೇಡಿ. ಸ್ವಲ್ಪ ದೊಡ್ಡ ಮಕ್ಕಳು ಬಂದು ‘ನನ್ನನ್ನೂ ಕರ್ಕೊಂಡು ಹೋಗ್ತೀರಾ?’ ಎಂದು ಕೇಳುತ್ತಾರೆ. ‘ಮುಂದಿನ ಸಲ’ ಎಂಬ ಸುಳ್ಳು ಬೇಡ. ಎಂಟು ಒಂಬತ್ತು ತಿಂಗಳ ಕೂಸು ನಿಮ್ಮನ್ನು ಕಂಡು ಅತ್ತು ಆಯಾಳ ಸೆರಗು ಹಿಡಿದರೆ ಸಂತೋಷಪಡಿ, ಒಬ್ಬರನ್ನು ಹಚ್ಚಿಕೊಳ್ಳಲು ಅದು ಕಲಿತಿದೆ. ಯಾರು ಬಂದರೂ ಓಡಿ ಬಂದು ತಬ್ಬಿಕೊಳ್ಳುವ ಮೂರು ವರ್ಷದ ಮಗುವೇ ಹೆಚ್ಚು ತಾಳ್ಮೆ ಬೇಡುವುದು. ಅದಕ್ಕೆ ತನ್ನವರು ಯಾರು ಎಂಬುದು ಇನ್ನೂ ಗೊತ್ತಿಲ್ಲ.

ಮೇಲ್ವಿಚಾರಕರ ಜೊತೆ ಚಹಾ ಕುಡಿಯುವುದಕ್ಕಿಂತ ಆಯಾಳ ಪಕ್ಕ ನೆಲದ ಮೇಲೆ ಅರ್ಧ ಗಂಟೆ ಕುಳಿತರೆ ಲಾಭ ಹೆಚ್ಚು. ಯಾವ ಹಾಲಿನ ಪುಡಿ, ಎಷ್ಟು ನೀರಿಗೆ ಎಷ್ಟು ಚಮಚ, ಬಾಟಲಿಯೋ ಒಳಲೆಯೋ, ರಾಗಿ ಸರಿ ಶುರುವಾಗಿದೆಯೇ, ಬೆಲ್ಲ ಹಾಕುತ್ತಾರೆಯೇ ಎಂದು ಬರೆದುಕೊಳ್ಳಿ. ಒಬ್ಬಳು ಹತ್ತು ಕೂಸುಗಳನ್ನು ನೋಡಬೇಕಾದಾಗ ಬೇಗ ಮುಗಿಯಲೆಂದು ನಿಪ್ಪಲಿನ ತೂತು ದೊಡ್ಡದು ಮಾಡಿರುವುದುಂಟು. ಅದಕ್ಕೆ ಒಗ್ಗಿದ ಮಗು ನೀವು ತಂದ ಹೊಸ ಬಾಟಲಿಯನ್ನು ತಳ್ಳಿ ಅಳುತ್ತದೆ, ನೀವು ಹೊಟ್ಟೆನೋವೆಂದು ಡಾಕ್ಟರ ಬಳಿ ಓಡುತ್ತೀರಿ. ಮೊದಲ ಎರಡು ಮೂರು ವಾರ ಅದೇ ಪುಡಿ, ಅದೇ ಹದ ಮುಂದುವರಿಸಿ. ದೀಪ ಉರಿಯುವ ದೊಡ್ಡ ಕೋಣೆಯಲ್ಲಿ ಹತ್ತಾರು ಮಕ್ಕಳ ಸದ್ದಿನ ನಡುವೆ ಮಲಗಿದ ಮಗು ಹೋಟೆಲಿನ ಕತ್ತಲೆಗೂ ಮೌನಕ್ಕೂ ಹೆದರುತ್ತದೆ. ಸಣ್ಣ ದೀಪ ಇರಲಿ. ಪರಿಚಿತ ವಾಸನೆ ಜೊತೆಗಿರಲೆಂದು ಒಗೆಯದ ಹೊದಿಕೆಯೊಂದನ್ನು ಕೇಳಿ ಪಡೆಯಿರಿ, ಬದಲಿಗೆ ಹೊಸದು ಕೊಡಿ. ಕಜ್ಜಿ, ಹೇನು ಇದ್ದೀತು. ಮುಜುಗರಪಡದೆ ಕೇಳಿ ಔಷಧ ತೆಗೆದುಕೊಳ್ಳಿ.

ಮಗುವಿನ ಪೂರ್ವಕಥೆ ಸಂಗ್ರಹಿಸಲು ಇಷ್ಟು ಒಳ್ಳೆಯ ಅವಕಾಶ ಮತ್ತೆ ಸಿಗದು. ಹೆತ್ತವರ ಗುರುತು ಗೋಪ್ಯ, ಅದನ್ನು ಕೇಳುವಂತಿಲ್ಲ. ಆದರೆ ಯಾವ ಊರಿನಲ್ಲಿ ಸಿಕ್ಕಿತು, ಯಾವ ದಿನ, ಈಗಿನ ಹೆಸರಿಟ್ಟವರು ಯಾರು, ಮೊದಲ ತಿಂಗಳ ಫೋಟೊ ಇದೆಯೇ ಎಂಬುದನ್ನು ಸಂಸ್ಥೆ ಹೇಳಬಹುದಾದಷ್ಟು ಕೇಳಿ ಬರೆದಿಡಿ. ಆಯಾಗಳು ಬದಲಾಗುತ್ತಾರೆ, ಕಡತಗಳಿಗೆ ಗೆದ್ದಲು ಹಿಡಿಯುತ್ತದೆ. ಹದಿನೆಂಟು ತುಂಬಿದ ಮೇಲೆ ಬೇರು ಹುಡುಕಿಕೊಂಡು ಬರುವ ಮಕ್ಕಳಿಗೆ ಆ ಒಂದು ಪುಟವೇ ಆಧಾರ.

ಒಪ್ಪಿಗೆ, ಆ ದೇಶದ ಅನುಮತಿ ಎರಡೂ ಬಂದ ಮೇಲೆ ಕಾರಾ ನಿರಾಕ್ಷೇಪಣಾ ಪತ್ರ ಕೊಡುತ್ತದೆ. ಅದು ಕೈಗೆ ಬಂದರೆ, ಆದೇಶ ಬರುವವರೆಗೆ ಭಾರತದಲ್ಲೇ ಇದ್ದು ಮಗುವನ್ನು ಪೋಷಣೆಗೆ ಇಟ್ಟುಕೊಳ್ಳಬಹುದು. ರಜೆ ಇರುವವರು ಇದನ್ನು ಬಿಡಬಾರದು. 2022ರ ಸೆಪ್ಟೆಂಬರ್‌ನಿಂದ ದತ್ತು ಆದೇಶ ಹೊರಡಿಸುವುದು ನ್ಯಾಯಾಲಯವಲ್ಲ, ಜಿಲ್ಲಾಧಿಕಾರಿ. ಎರಡು ತಿಂಗಳೊಳಗೆ ಇತ್ಯರ್ಥವಾಗಬೇಕು. ಆದೇಶವಾದ 2 ತಿಂಗಳೊಳಗೆ ನೀವು ಬಂದು ಮಗುವನ್ನು ಕರೆದೊಯ್ಯಬೇಕು. ಸಂಸ್ಥೆಗೆ ಕಟ್ಟಬೇಕಾದ ನಿಗದಿತ ಪಾಲನಾ ನಿಧಿ 5,000 ಡಾಲರ್. ಅದರಾಚೆ ‘ಕಟ್ಟಡಕ್ಕೆ’, ‘ಫ್ರಿಜ್‌ಗೆ’ ಎಂದು ದೇಣಿಗೆ ಕೇಳುವಂತಿಲ್ಲ, ನೀವೂ ಕೊಡುವಂತಿಲ್ಲ.

ಇನ್ನು ಹೆಸರಿನ ತಲೆನೋವು. ನಮ್ಮವರ ಇನಿಷಿಯಲ್‌ಗಳು ಪಾಸ್‌ಪೋರ್ಟಿನಲ್ಲಿ ಬಿಚ್ಚಿಕೊಂಡು, ಹೊಳೆನರಸೀಪುರವೋ ಚನ್ನರಾಯಪಟ್ಟಣವೋ ಅಮೆರಿಕದ ದಾಖಲೆಯಲ್ಲಿ ಮನೆತನದ ಹೆಸರಾಗಿ ಕುಳಿತಿರುತ್ತದೆ. ದತ್ತು ಆದೇಶದಲ್ಲಿ ಒಂದು ಬಗೆ, ಮಗುವಿನ ಜನನ ಪ್ರಮಾಣಪತ್ರದಲ್ಲಿ ಇನ್ನೊಂದು, ಪಾಸ್‌ಪೋರ್ಟಿನಲ್ಲಿ ಮತ್ತೊಂದು ಆದರೆ ವೀಸಾ ಅಲ್ಲೇ ನಿಲ್ಲುತ್ತದೆ. ಅರ್ಜಿಯ ಕರಡಿನಲ್ಲೇ ಪ್ರತಿ ಅಕ್ಷರವನ್ನೂ ನಿಮ್ಮ ಪಾಸ್‌ಪೋರ್ಟ್ ಪಕ್ಕ ಇಟ್ಟು ನೋಡಿ. ಆದೇಶವಾದ ಮೇಲೆ ತಿದ್ದಿಸುವುದಕ್ಕೆ ವಾರಗಳು ಬೇಕು. ಅಮೆರಿಕದ ವೀಸಾಗೆ ಮಗುವಿನ ವೈದ್ಯಕೀಯ ತಪಾಸಣೆ ರಾಯಭಾರ ಕಚೇರಿ ಸೂಚಿಸಿದ ವೈದ್ಯರಲ್ಲೇ ಆಗಬೇಕು, 2 ವರ್ಷ ದಾಟಿದ್ದರೆ ಕ್ಷಯದ ರಕ್ತಪರೀಕ್ಷೆಯೂ ಉಂಟು. ವಾಪಸ್ ಟಿಕೆಟ್ಟನ್ನು ದಿನ ಬದಲಿಸಲು ಬರುವಂಥದ್ದೇ ಕೊಳ್ಳಿ. ಆದೇಶ, ನಿರಾಕ್ಷೇಪಣಾ ಪತ್ರ, ಹೇಗ್ ಅನುಸರಣಾ ಪ್ರಮಾಣಪತ್ರ, ಲಸಿಕೆ ಪುಸ್ತಕ ಕೈಚೀಲದಲ್ಲಿರಲಿ, ಸೂಟ್‌ಕೇಸಿನಲ್ಲಿ ಅಲ್ಲ. ಮನೆ ಸೇರಿದ ಮೇಲೆ ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಎರಡನೇ ವರ್ಷ ಆರು ತಿಂಗಳಿಗೊಮ್ಮೆ, ಒಟ್ಟು 6 ವರದಿ ಹೋಗಬೇಕು.

2024-25ರಲ್ಲಿ ದೇಶದಲ್ಲಿ ನಡೆದ 4,515 ದತ್ತುಗಳಲ್ಲಿ 4,155 ದೇಶದೊಳಗಿನವೇ. ವಿದೇಶಕ್ಕೆ ಹೋಗುವ ಮಕ್ಕಳು ಕೆಲವೇ ನೂರು. ಅವುಗಳ ಕಾಗದ ಕೈಗೆ ಬಂದಾಗ ತಾಲ್ಲೂಕು ಮಟ್ಟದ ಜನನ ನೋಂದಣಿ ಕಚೇರಿಗಳು ತಡವರಿಸುವುದು ಅದಕ್ಕೇ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಎರಡು ಕೆಲಸ ಮಾಡಲಿ. ದತ್ತು ಆದೇಶ ಬಂದಾಗ ಜನನ ಪ್ರಮಾಣಪತ್ರದಲ್ಲಿ ಏನು ಬರೆಯಬೇಕು ಎಂಬ ಒಂದು ಪುಟದ ಸೂಚನೆಯನ್ನು ಕನ್ನಡದಲ್ಲಿ ಎಲ್ಲ ನೋಂದಣಾಧಿಕಾರಿಗಳಿಗೂ ಕಳಿಸಲಿ. ಮತ್ತು ರಾಜ್ಯದ ಪ್ರತಿ ಮಕ್ಕಳ ಪಾಲನಾ ಸಂಸ್ಥೆಯ ಬಾಗಿಲಲ್ಲಿ, ಅದು ಮಾನ್ಯತೆ ಪಡೆದ ವಿಶೇಷ ದತ್ತು ಸಂಸ್ಥೆ ಹೌದೋ ಅಲ್ಲವೋ ಎಂದು ದೊಡ್ಡಕ್ಷರದ ಫಲಕ ಹಾಕಿ, ಕೆಳಗೆ ಮಕ್ಕಳ ಸಹಾಯವಾಣಿ 1098 ಮತ್ತು ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ವಿಳಾಸ ಬರೆಸಲಿ.

– ದತ್ತು ಕುಟುಂಬಗಳೊಂದಿಗೆ ಕೆಲಸ ಮಾಡುವ ಸಮಾಜ ಕಾರ್ಯಕರ್ತರು, ಬೆಂಗಳೂರು